ಅಮ್ಮನ ಒಂಬೈನೂರು ವಾಕ್ಯ

ಮನೆ
ಶನಿವಾರ, ಬೆಳಿಗ್ಗೆ

ತಮ್ಮಾ,

ಇನ್ನು ಅದು ಕಾಟ ಕೊಡಲ್ಲ ಅಂದೆಯೋ, ಇನ್ನು ಅದು ಬಾಯಿ ಬಿಡಲ್ಲ ಅಂದೆಯೋ, ಸರಿಯಾಗಿ ನೆನಪಿಲ್ಲ. ಹಾಗೆಂದು ನೀನು ಕಂಪ್ಯೂಟರಿನ ಮುಂದಿನಿಂದ ಕೈ ಕೊಡವಿಕೊಂಡು ಊಟಕ್ಕೆ ಎದ್ದೆ, ಅಷ್ಟು ನೆನಪಿದೆ. ಬೆನ್ನುನೋವು ಹೇಗಿದೆ? ಸುರಂಗದೊಳಗೆ ಗಾಳಿ ಸಾಕಷ್ಟು ಬರುತ್ತದೆಯೇ? ಕೇಳಬೇಕಾದ್ದನ್ನು ಕೇಳಿದ್ದಾಯಿತು, ಇನ್ನು ಕೂತು ಓದು. ನಿಮ್ಮ ಕ್ಯಾಂಪಿನಲ್ಲಿ ಫೋನು ಹತ್ತುವುದಿಲ್ಲ ಎಂದು ಗೊತ್ತಿದ್ದೂ ಎರಡು ದಿನ ನಿನ್ನ ನಂಬರು ಒತ್ತಿದೆ, ಬೈಯುವುದಕ್ಕೆಂದೇ. ಕೊನೆಗೆ ಅಲ್ಲಿಗೆ ಸಾಮಾನು ತರುವ ವ್ಯಾನಿನ ಡ್ರೈವರ್ ಕೈಗೆ ಈ ಕಾಗದ ಕೊಡುತ್ತಿದ್ದೇನೆ.

ಅಮ್ಮನ ವಾಕ್ಯಗಳು ಹೋದವು. ಒಂಬೈನೂರೂ ಹೋದವು.

ಬರುವ ಗುರುವಾರ ಅವಳ ಧ್ವನಿಪೆಟ್ಟಿಗೆ ತೆಗೆಯುತ್ತಾರೆ. ಆಮೇಲೆ ಯಂತ್ರವಾದರೂ ಅವಳ ದನಿಯಲ್ಲೇ ಮಾತಾಡಲಿ ಎಂದು ಆಸ್ಪತ್ರೆಯ ಮಾತಿನ ಟೀಚರ್ ಕೊಟ್ಟ ಪಟ್ಟಿಯನ್ನು ಮೂರು ವಾರ ಕೂತು ಓದಿದಳು. ‘ಬಿಳಿ ಕುದುರೆ ಕೆರೆಯ ದಂಡೆಯಲ್ಲಿ ನಿಂತಿದೆ’ ಎಂದು ಗಂಭೀರವಾಗಿ ಓದಿ, ‘ಈ ಜನ್ಮದಲ್ಲಿ ಇದನ್ನ ಯಾರಿಗೆ ಹೇಳ್ತೀನೋ’ ಎಂದು ನಗುತ್ತಿದ್ದಳು. ಆಗ ನೀನು ರಜೆಯಲ್ಲಿದ್ದೆ, ಮೈಕು ಜೋಡಿಸಿಕೊಟ್ಟವನು ನೀನೇ. ರೆಕಾರ್ಡಿಂಗ್ ಪ್ರೋಗ್ರಾಂ ತೆರೆದಾಗಲೆಲ್ಲ ಕಂಪ್ಯೂಟರಿನ ಪರದೆ ಮಂಕಾಗಿ, ಇದು ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಬಹುದೇ ಎಂದು ಕೇಳುತ್ತಿತ್ತು. ಉಸಿರು ಹಿಡಿದು ಕೂತ ಅಮ್ಮ ಬೆಚ್ಚುತ್ತಿದ್ದಳು. ನಿನಗೆ ತಾಳ್ಮೆ ಎಲ್ಲಿಯದು? ಆ ಪ್ರಶ್ನೆಯನ್ನೇ ನಿಲ್ಲಿಸಿಬಿಟ್ಟೆ. ವೈರಸ್ ಕಾಯುವ ಪ್ರೋಗ್ರಾಂ ಗೊಣಗಿದ್ದಕ್ಕೆ ಅದನ್ನೂ ಮಲಗಿಸಿದೆ. ಪಾಸ್‌ವರ್ಡ್ ಕಿತ್ತುಹಾಕಿ, ಮನೆಯವರೆಲ್ಲರಿಗೂ ಪೂರ್ತಿ ಅಧಿಕಾರ ಕೊಟ್ಟು, ‘ಇಲ್ಲಿ ಎಲ್ಲರೂ ಯಜಮಾನರೇ’ ಎಂದೆ. ಅಪ್ಪನಿಗೆ ಆ ಮಾತು ಎಷ್ಟು ಹಿಡಿಸಿತು ಗೊತ್ತಾ!

ಅಪ್ಪ ಆಯುಷ್ಯವಿಡೀ ಟೈಪ್‌ರೈಟರ್ ರಿಪೇರಿ ಮಾಡಿದವರು. ಯಂತ್ರ ಮೋಸ ಮಾಡುತ್ತದೆ ಎಂಬುದು ಅವರ ತಲೆಗೆ ಹೋಗುವುದಿಲ್ಲ. ಅಮ್ಮನ ರೆಕಾರ್ಡಿಂಗಿನಲ್ಲಿ ನಡುನಡುವೆ ಕೆಮ್ಮು ಇತ್ತಲ್ಲ, ಅದನ್ನು ತೆಗೆದು ಅವಳಿಗೆ ಕೇಳಿಸಿ ಖುಷಿಪಡಿಸಬೇಕೆಂದು ಎಲ್ಲಿಂದಲೋ ಪುಕ್ಕಟೆ ಪ್ರೋಗ್ರಾಂ ಒಂದನ್ನು ಇಳಿಸಿಕೊಂಡು ತೆರೆದರು. ಪರದೆಯ ಮೇಲೆ ಏನೇ ಪ್ರಶ್ನೆ ಬಂದರೂ ‘ಮಗಳೇ, ಇದೇನೋ ಕೇಳ್ತಿದೆ ನೋಡು’ ಎಂದು ಕೂಗುವ ಮನುಷ್ಯ. ಅದು ಕೇಳಿದ್ದರೆ ತಾನೇ ಕೂಗುವುದು? ಸಂಜೆ ಹೊತ್ತಿಗೆ ಒಂದೊಂದು ಫೈಲಿಗೂ ಬೀಗ, ಬಿಡಿಸಬೇಕಾದರೆ ಹಣ ಕೊಡಿ ಎಂಬ ಒಂದು ಪುಟ.

ಕಂಪ್ಯೂಟರ್ ರಿಪೇರಿ ಅಂಗಡಿಯ ಹುಡುಗ, ಎಲ್ಲರೂ ಡಬ್ಬಿ ಎಂದು ಕರೆಯುವವನು, ಬಂದು ನೋಡಿದ. ‘ಯಾರೂ ಬಾಗಿಲು ಒಡೆದಿಲ್ಲ ಅಕ್ಕಾ, ನೀವೇ ತೆಗೆದಿಟ್ಟು ಕರೆದು ಕೂರಿಸಿದ್ದೀರ. ದುಡ್ಡು ಕೊಟ್ಟರೂ ವಾಪಸ್ ಬರುತ್ತೆ ಅನ್ನೋ ನಂಬಿಕೆ ಇಲ್ಲ’ ಎಂದ. ಅವನ ಮೇಲೆ ರೇಗಿದೆ, ಪಾಪ. ‘ಕಾಪಿ ಇಲ್ವಾ?’ ಎಂದ. ಇತ್ತು. ಪ್ರತಿ ಭಾನುವಾರ ಡಿಸ್ಕ್ ಚುಚ್ಚಿ, ಕಾಪಿ ಮಾಡಿ, ಕಿತ್ತು ಕಪಾಟಿನಲ್ಲಿಡು ಎಂದು ನೀನು ಹೇಳಿದ್ದೆ. ಮರೆತೇನೆಂದು ನಾನು ಅದನ್ನು ಹಗಲೂ ರಾತ್ರಿ ಚುಚ್ಚಿಯೇ ಬಿಟ್ಟಿದ್ದೆ. ಅದಕ್ಕೂ ಬೀಗ ಬಿತ್ತು. ಕನ್ನಡಕದ ಅಂಗಡಿಯಲ್ಲಿ ಪ್ರತಿ ಗಾಜನ್ನೂ ಎರಡೆರಡು ಸಲ ಬೆಳಕಿಗೆ ಹಿಡಿದು ನೋಡುವವಳು ನಾನು. ಈ ಸಿಟ್ಟಿನಲ್ಲಿ ನಿನ್ನ ಪಾಲೆಷ್ಟು, ನನ್ನದೆಷ್ಟು ಎಂದು ಅಳೆಯಲು ಹೋಗಿಲ್ಲ. ಸದ್ಯಕ್ಕೆ ಎಲ್ಲವನ್ನೂ ನಿನ್ನ ತಲೆಗೇ ಕಟ್ಟಿದ್ದೇನೆ. ನೀನು ಎದುರಿಗಿಲ್ಲ, ಅದೊಂದು ಅನುಕೂಲ.

ಅಪ್ಪ ಎರಡು ದಿನದಿಂದ ಮಾತಾಡಿಲ್ಲ. ಅಮ್ಮನೇ ಅವರ ಪಕ್ಕ ಕೂತು, ಆ ಒಡಕು ಗಂಟಲಲ್ಲಿ, ‘ಹೋಗ್ಲಿ ಬಿಡ್ರೀ, ಕುದುರೆ ಕಾಟ ತಪ್ತು’ ಎಂದಳು. ನಗು ಬಂತು. ನಕ್ಕಿದ್ದಕ್ಕೆ ನನ್ನ ಮೇಲೇ ಮತ್ತಷ್ಟು ಸಿಟ್ಟು ಬಂತು.

ಡಬ್ಬಿ ಎಲ್ಲ ಅಳಿಸಿ ಹೊಸದಾಗಿ ಕೂರಿಸಿಕೊಟ್ಟಿದ್ದಾನೆ. ಈಗ ನಮಗೆಲ್ಲ ಸಾದಾ ಖಾತೆ. ಹೊಸದೇನು ಸೇರಿಸಬೇಕಾದರೂ ಅದು ಕೇಳುತ್ತದೆ, ಪಾಸ್‌ವರ್ಡ್ ನನ್ನೊಬ್ಬಳ ಹತ್ತಿರ. ಕಾವಲಿನ ಪ್ರೋಗ್ರಾಂ ಎದ್ದಿದೆ. ಹೊಸ ಡಿಸ್ಕ್ ಕಪಾಟಿನಲ್ಲಿದೆ. ಬಂದಾಗ ಇದರಲ್ಲಿ ಯಾವುದನ್ನಾದರೂ ಮುಟ್ಟಿ ನೋಡು, ಕೈ ಮುರಿಯುತ್ತೇನೆ.

ಅಪ್ಪ ಅಮ್ಮನ ಆಶೀರ್ವಾದ ಈಗಲೇ ಇಟ್ಟುಕೋ. ನನ್ನದು ಸಿಟ್ಟು ಇಳಿದ ಮೇಲೆ.

ನಿನ್ನ ಅಕ್ಕ

ತಾ.ಕ.: ವ್ಯಾನು ಹೊರಡುತ್ತಿದೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅಮ್ಮನ ಗಂಟಲು ಊದಿದೆ, ದಿನಕ್ಕೆ ಹತ್ತು ವಾಕ್ಯಕ್ಕಿಂತ ಹೆಚ್ಚು ಬೇಡ ಎಂದಿದ್ದಾರೆ ಡಾಕ್ಟರು. ನಾಳೆಯಿಂದ ಬುಧವಾರದವರೆಗೆ ನಲವತ್ತು. ಅಷ್ಟರಿಂದ ಯಂತ್ರಕ್ಕೆ ಅವಳ ದನಿ ಕಲಿಸಲಾಗದಂತೆ. ಅವಳು ಹೇಳಿಟ್ಟದ್ದನ್ನೇ ಗುಂಡಿ ಒತ್ತಿ ಕೇಳಿಸಬಹುದು, ಅಷ್ಟೇ. ಹಾಗಾಗಿ ಪಟ್ಟಿ ಬಿಸಾಡಿ, ಯಾವ ಮಾತು ಬೇಕೆಂದು ನಮ್ಮನ್ನೇ ಕೇಳುತ್ತಿದ್ದಾಳೆ. ‘ರೀ, ಆ ರೇಡಿಯೋ ಸ್ವಲ್ಪ ಕಮ್ಮಿ ಮಾಡಿ’ ಎಂಬುದು ಬೇಕೆಂದು ಅಪ್ಪ ಚೀಟಿಯಲ್ಲಿ ಬರೆದುಕೊಟ್ಟರು. ನಾನು ‘ಬಂದ್ಯಾ? ಛತ್ರಿ ಎಲ್ಲಿ ಬಿಟ್ಟೆ?’ ಆರಿಸಿಕೊಂಡೆ. ನಿನ್ನ ಹೆಸರಿನಲ್ಲಿ ಐದು ಸಾಲು ಖಾಲಿ ಬಿಟ್ಟಿದ್ದಾಳೆ, ನಮಗೆ ತುಂಬಲು ಬಿಡುತ್ತಿಲ್ಲ. ನಿನಗೆ ರಜೆ ಸಿಗುವುದು ಮುಂದಿನ ಶನಿವಾರ, ಆಪರೇಷನ್ ಗುರುವಾರ. ವ್ಯಾನು ಸೋಮವಾರ ವಾಪಸ್ ಬರುತ್ತದೆ, ಬರೆದು ಡ್ರೈವರ್ ಕೈಯಲ್ಲಿ ಕಳಿಸು. ಅಮ್ಮ ನಿನಗೆ ಯಾವ ಮಾತು ಹೇಳಿಡಬೇಕೋ?