ಎಂಟು ನಿಮಿಷದ ದಾರಿ

ಶುಕ್ರವಾರ, ನವೆಂಬರ್ ೧೪

ಪ್ರೀತಿಯ ಗುಬ್ಬಿ,

ಹೇಗಿದ್ದೀಯೇ? ನಿನ್ನ ಕಾರ್ಡು ಬಂದು ನಾಲ್ಕು ತಿಂಗಳಾಯಿತು. ಮನೆ ಬದಲಾಯಿಸಿದ್ದೇನೆ, ಹೊಸ ವಿಳಾಸ ಇದು, ಹೊಸ ಫೋನ್ ನಂಬರು ಸದ್ಯ ಯಾರಿಗೂ ಕೊಡುತ್ತಿಲ್ಲ ಎಂದು ಮೂರೇ ಸಾಲು. ಮೂರು ಸಾಲಿಗೆ ಉತ್ತರ ಕೊಡಲು ಇಷ್ಟು ದಿನ ಬೇಕಾಯಿತೇ ಎಂದರೆ ನನ್ನಲ್ಲಿ ಸಬೂಬಿಲ್ಲ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಹರಿದು ಬುಟ್ಟಿಗೆ ಹಾಕಿದೆ. ನಿನ್ನೆ ನಡೆದದ್ದನ್ನು ಬರೆಯದೆ ಇರುವಂತಿಲ್ಲ. ಹಾಗಾಗಿ ಇದನ್ನು ಹರಿಯುವುದಿಲ್ಲ.

ಮೊದಲು ಸುದ್ದಿ. ನನ್ನ ಎಡ ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಆಫೀಸು ಅದೇ ಮೂರನೆಯ ಮಹಡಿಯಲ್ಲಿದೆ, ಲಿಫ್ಟು ಅದೇ ಹಳೆಯ ಚಾಳಿಯದು. ನೀನು ಕೆಲಸ ಕಲಿಸಿದ ಹುಡುಗಿ, ನಮ್ಮ ‘ಕನ್ನಡಕ’, ಈಗ ನಿನ್ನ ಕುರ್ಚಿಯಲ್ಲಿ ಕೂರುತ್ತಾಳೆ. ಒಂದು ವರ್ಷ ಅದರಲ್ಲಿ ಕೂರದೆ ಪಕ್ಕಕ್ಕೆ ಸ್ಟೂಲು ಹಾಕಿಕೊಂಡು ಕೆಲಸ ಮಾಡಿದಳು. ಸರ್ವರ್‌ಗಳನ್ನು ನೋಡಿಕೊಳ್ಳುವ ಗಡ್ಡದವನು ಗಡ್ಡ ಬೋಳಿಸಿದ್ದಾನೆ, ಆದರೂ ಎಲ್ಲರೂ ಗಡ್ಡ ಎಂದೇ ಕರೆಯುತ್ತೇವೆ. ನಾನು ಎಂದಿನಂತೆ ಕೈಪಿಡಿ ಬರೆಯುತ್ತೇನೆ. ಹೋದ ವಾರ ಒಬ್ಬ ಪ್ರೋಗ್ರಾಮರ್ ಬರೆದಿದ್ದ: “ಮೇಡಂ, ನಿಮ್ಮ ಕೈಪಿಡಿ ಓದೋಕೆ ಬಹಳ ಚೆನ್ನಾಗಿದೆ. ಉದಾಹರಣೆಗೆ ಒಂದೆರಡು ಸಾಲು ಕೋಡ್ ಕೊಟ್ಟಿದ್ರೆ ಅರ್ಥವೂ ಆಗ್ತಿತ್ತು.” ಸಾಹಿತ್ಯ ಓದಿಕೊಂಡು ಬಂದವಳಿಗೆ ಇದು ಬೇಕಿತ್ತು, ಅಲ್ಲವೇ?

ಮೊನ್ನೆ ಹಲ್ಲಿನ ಡಾಕ್ಟರು ನನ್ನ ಬಾಯಿಯೊಳಗೆ ಕನ್ನಡಿ ಇಟ್ಟುಕೊಂಡೇ ನಿಮ್ಮದು ಏನು ಕೆಲಸ ಎಂದು ಕೇಳಿದರು. ಬಾಯಿ ತೊಳೆದುಕೊಂಡು ಹೇಳಿದೆ: “ನಮ್ಮದು ಪ್ರೋಗ್ರಾಮರ್‌ಗಳಿಗಾಗಿ ಕಟ್ಟಿದ ವೆಬ್ ಸೇವೆ. ಜನ ಅದನ್ನ ನೋಡೋದೇ ಇಲ್ಲ. ಟ್ಯಾಕ್ಸಿಯವರದ್ದೋ ಆಂಬುಲೆನ್ಸಿನವರದ್ದೋ ಪ್ರೋಗ್ರಾಮು ನಮ್ಮನ್ನ ಕೇಳುತ್ತೆ, ಈ ಜಾಗದಿಂದ ಆ ಜಾಗಕ್ಕೆ ಎಷ್ಟು ನಿಮಿಷ ಅಂತ. ನಾವು ಹೇಳ್ತೀವಿ. ಅಷ್ಟೇ.”

“ಓ, ಹಲ್ಲಿನ ಬೇರು ಇದ್ದ ಹಾಗೆ. ನೋಯೋವರೆಗೂ ಅಲ್ಲೊಂದು ಇದೆ ಅಂತ ಗೊತ್ತಾಗೋದಿಲ್ಲ,” ಅಂದರು.

ನೀನಿದ್ದಿದ್ದರೆ ಅದನ್ನು ಕೈಪಿಡಿಯ ಮೊದಲ ಪುಟಕ್ಕೆ ಹಾಕಿಸುತ್ತಿದ್ದೆ. ಅಲ್ಲಿ ಈಗಲೂ ನೀನು ಹಾಕಿಸಿದ ವಾಕ್ಯವೇ ಇದೆ: ‘ಗೊತ್ತಿದ್ದರೆ ಹೇಳುತ್ತೇವೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇವೆ.’ ಗಿರಾಕಿಗಳಿಗೆ ಆ ಎರಡನೆಯ ಭಾಗ ಎಂದೂ ಹಿಡಿಸಲಿಲ್ಲ. ಆ ವಿಷಯಕ್ಕೆ ನಾವಿಬ್ಬರೂ ಎಷ್ಟು ಜಗಳವಾಡಿದ್ದೇವೆ!

ಈಗ ವಿಷಯಕ್ಕೆ ಬರುತ್ತೇನೆ. ನೀನು ಕಟ್ಟಿದ ಸೇವೆಯ ಮೊದಲ ವರ್ಷನ್ನನ್ನು ಈ ತಿಂಗಳ ಕೊನೆಗೆ ಮುಚ್ಚಬೇಕೆಂದು ತೀರ್ಮಾನವಾಗಿದೆ. ಎಲ್ಲರೂ ಹೊಸದಕ್ಕೆ ಹೋಗಿಯಾಯಿತು. ನೀನು ಹಾಕಿಕೊಟ್ಟ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಹಳೆಯದನ್ನು ಪೂರ್ತಿ ಮುಚ್ಚುವ ಮುಂಚೆ ವಾರಕ್ಕೊಮ್ಮೆ ಹಗಲು ಹೊತ್ತಿನಲ್ಲಿ ಹತ್ತು ನಿಮಿಷ ನಿಲ್ಲಿಸಿ ನೋಡುತ್ತೇವೆ. ಯಾರಿಗೆ ತೊಂದರೆಯಾಗುತ್ತದೋ ಅವರು ಕೂಗಿಕೊಳ್ಳುತ್ತಾರೆ, ಅವರಿಗೆ ಸಮಾಧಾನದ ಕಾಗದ ಬರೆಯುವುದು ನನ್ನ ಪಾಲಿನ ಕೆಲಸ. ಈ ಸಲ ಯಾರೂ ಕೂಗಲಿಲ್ಲ. ಆದರೆ ಕನ್ನಡಕ ಒಂದು ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಅಕ್ಕಾ, ಹಳೇದರಲ್ಲಿ ಒಬ್ಬರು ಉಳ್ಕೊಂಡಿದ್ದಾರೆ.”

“ಯಾರಂತೆ?”

ಅವಳು ಲ್ಯಾಪ್‌ಟಾಪ್ ತಿರುಗಿಸಿ ಲಾಗ್ ತೋರಿಸಿದಳು. ಯಾರ ಗುರುತಿನ ಕೀ ಬಳಸಿ ಯಾವ ಹೊತ್ತಿಗೆ ಏನು ಕೇಳಿದರು, ನಾವು ಏನು ಹೇಳಿದೆವು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದಲ್ಲ. ಆ ಕೀ ಅಮ್ಮನದು, ಗುಬ್ಬಿ. ನೀನೇ ಅದಕ್ಕೆ ‘ಅಮ್ಮ’ ಎಂದು ಹೆಸರಿಟ್ಟಿದ್ದೆ.

ಅಮ್ಮನ ಕಿವಿ ಪೂರ್ತಿ ಹೋಗಿ ಫೋನು ಉಪಯೋಗಕ್ಕಿಲ್ಲದಂತಾದಾಗ ನೀನು ಅಡುಗೆಮನೆಯ ಗೋಡೆಗೆ ಅಂಗೈಯಗಲದ ಪರದೆ ಹಾಕಿಕೊಟ್ಟೆಯಲ್ಲ, ಅದರದು. ಪ್ರತಿ ಗುರುವಾರ ನೀನು ಕಾರು ಹತ್ತಿ ಫೋನಿನಲ್ಲಿ ‘ಹೊರಟೆ’ ಎಂದು ಒತ್ತಿದರೆ ಸಾಕು. ಎರಡು ನಿಮಿಷಕ್ಕೊಮ್ಮೆ ನಿನ್ನ ಫೋನು ಆ ಕೀ ತೋರಿಸಿ ನಮ್ಮ ಸೇವೆಯನ್ನು ಕೇಳುತ್ತಿತ್ತು, ಇಲ್ಲಿಂದ ಅಮ್ಮನ ಮನೆಗೆ ಎಷ್ಟು ನಿಮಿಷ ಎಂದು. ಉತ್ತರ ಆ ಪರದೆಯ ಮೇಲೆ ಬರುತ್ತಿತ್ತು. ಅಂಕಿ ಹತ್ತಕ್ಕಿಂತ ಕೆಳಗಿಳಿದರೆ ಅಮ್ಮ ಶಾಲು ಹೊದ್ದು ಗೇಟಿಗೆ ಬರುವಳು. ಸೇವೆಗೆ ಉತ್ತರ ಗೊತ್ತಿಲ್ಲದಿದ್ದರೆ ಅಂಕಿಯ ಜಾಗದಲ್ಲಿ ಒಂದು ಅಡ್ಡಗೆರೆ. ‘ಗೆರೆ ಕಂಡರೆ ಒಳಗೆ ಕೂತಿರು, ಕಾಯಬೇಡ’ ಎಂದು ನೀನೇ ದಪ್ಪ ಅಕ್ಷರದಲ್ಲಿ ಬರೆದು ಪರದೆಯ ಕೆಳಗೆ ಅಂಟಿಸಿದ್ದೆ.

ಆ ಕೀ ಏಳು ವಾರಗಳಿಂದ ಪ್ರತಿ ಗುರುವಾರ ಸಂಜೆ ನಾಲ್ಕು ಐವತ್ತಕ್ಕೆ ಕೇಳಲು ಶುರುಮಾಡುತ್ತದೆ. ಎರಡು ನಿಮಿಷಕ್ಕೊಮ್ಮೆ, ಸರಿಯಾಗಿ ನಲವತ್ತೊಂದು ಸಲ. ಆಮೇಲೆ ನಿಲ್ಲುತ್ತದೆ.

“ದೆವ್ವ ಇರ್ಬೇಕು,” ಅಂದ ಗಡ್ಡ, ಹಿಂದಿನಿಂದ ಇಣುಕಿ.

“ದೆವ್ವಕ್ಕೆ ಕೀ ಯಾಕೋ? ಗೋಡೆ ದಾಟಿ ಬರುತ್ತೆ,” ಅಂದಳು ಕನ್ನಡಕ.

“ನಮ್ಮ ಸೇವೆಗೆ ಬರೋದಾದ್ರೆ ದೆವ್ವಾನೂ ಕೀ ತರಬೇಕಮ್ಮಾ.”

ಮೂವರೂ ನಕ್ಕೆವು. ಆಮೇಲೆ ಅವಳು ಉತ್ತರಗಳನ್ನು ಓದಿದಳು. ಮೊದಲ ಗುರುವಾರ ಆರು ನೂರ ಹನ್ನೆರಡು ನಿಮಿಷ. ನಲವತ್ತೊಂದು ಸಲವೂ ಅದೇ, ಅಂದರೆ ಕೇಳಿದವರು ಇದ್ದಲ್ಲಿಯೇ ಇದ್ದರು. ಮುಂದಿನ ವಾರ ನಾನೂರ ಮೂವತ್ತು. ಆಮೇಲೆ ಇನ್ನೂರ ಐವತ್ತೊಂದು, ನೂರ ಹದಿನೇಳು, ಅರವತ್ತು. “ಯಾರೋ ಬರ್ತಾ ಇದ್ದಾರೆ,” ಅಂದ ಗಡ್ಡ, ಈ ಸಲ ಮೆಲ್ಲಗೆ. “ಎಲ್ಲಿದ್ದಾರೆ ಅಂತ ಸಿಗುತ್ತೆ. ಯಾರು ಅಂತ ಸಿಗೋದಿಲ್ಲ.”

ನಾನು ನಿನ್ನ ಕಾರ್ಡು ತೆಗೆದು ಹೊಸ ವಿಳಾಸ ಹಾಕಿ ನೋಡಿದೆ. ನಿನ್ನ ಮನೆಯಿಂದ ಅಮ್ಮನ ಮನೆಗೆ ಆರು ನೂರ ಹನ್ನೆರಡು ನಿಮಿಷ. ಎಷ್ಟು ಸಂತೋಷವಾಯಿತು ಗೊತ್ತೇ? ಗುಬ್ಬಿ ಬರುತ್ತಿದ್ದಾಳೆ, ವಾರಕ್ಕಿಷ್ಟು ಧೈರ್ಯ ಕೂಡಿಸಿಕೊಂಡು ಬರುತ್ತಿದ್ದಾಳೆ ಅಂದುಕೊಂಡೆ. ಮಾರನೆಯ ಗುರುವಾರ ಅದೇ ಹೊತ್ತಿಗೆ ಹಳೆಯದನ್ನು ಹತ್ತು ನಿಮಿಷ ನಿಲ್ಲಿಸುವ ಸರದಿ ಬಂತು. ಬೇಡ ಎಂದರೂ ಗಡ್ಡ ಕೇಳಲಿಲ್ಲ. ಬೇರೆ ಯಾವ ಪ್ರೋಗ್ರಾಮೇ ಆಗಿದ್ದರೂ ಆಗ ಬಂದು ಬಂದು ಬಾಗಿಲು ತಟ್ಟುತ್ತದೆ. ಇದು ಹತ್ತು ನಿಮಿಷ ತೆಪ್ಪಗಿತ್ತು. ನಾವು ತೆರೆದ ಮೇಲೆ ಶುರುಮಾಡಿ, ನಲವತ್ತೊಂದನ್ನೂ ಕೇಳಿ ಮುಗಿಸಿ ಹೋಯಿತು. ಕಾಯುವುದು ಗೊತ್ತಿರುವವರ ಹಾಗೆ. ಉತ್ತರ ಇಪ್ಪತ್ತಮೂರು ನಿಮಿಷ.

ನಿನ್ನೆ ನಾನು ಅಮ್ಮನ ಮನೆಗೆ ಹೋದೆ. ಅಮ್ಮ ತೀರಿಕೊಂಡ ಮೇಲೂ ಅದನ್ನು ಮಾರಿಲ್ಲ, ಬಾಡಿಗೆಗೂ ಕೊಟ್ಟಿಲ್ಲ. ತಿಂಗಳಿಗೊಮ್ಮೆ ಕಸ ಗುಡಿಸಿ ಬರುತ್ತೇನೆ. ನನ್ನ ಬೀರುವಿನಲ್ಲಿ ಸುತ್ತಿಟ್ಟಿದ್ದ ಪರದೆಯನ್ನು ಒಯ್ದು ಅದರ ಮೊಳೆಗೇ ತೂಗು ಹಾಕಿದೆ. ನೀನು ಅಂಟಿಸಿದ ಚೀಟಿ ಇನ್ನೂ ಅಲ್ಲೇ ಇದೆ, ಅಂಚು ಸುರುಳಿಯಾಗಿದೆ. ನಾಲ್ಕು ಐವತ್ತಕ್ಕೆ ಅಂಕಿ ಮೂಡಿತು.

ಎಂಟು.

ಶಾಲು ಹೊದ್ದು ಗೇಟಿಗೆ ಹೋಗಿ ನಿಂತೆ. ಎಂಟು ನಿಮಿಷ ಕಳೆಯಿತು. ರಸ್ತೆಯ ತಿರುವಿನಲ್ಲಿ ಒಂದು ಸೈಕಲ್ಲು ಬಂತು, ಒಂದು ಹಾಲಿನ ಗಾಡಿ ಬಂತು. ಒಳಗೆ ಹೋಗಿ ನೋಡಿದೆ, ಎಂಟು. ಮತ್ತೆ ಹೊರಗೆ ಬಂದೆ. ಎಲ್ಲಿಂದ ಎಂದು ಫೋನಿನಲ್ಲಿ ಲಾಗ್ ತೆಗೆದು ನೋಡಿದರೆ ರೈಲ್ವೆ ಗೇಟಿನ ಹತ್ತಿರ. ಅಮ್ಮ ಬಿದ್ದ ಆ ದಿನ ನಾನು ಫೋನು ಮಾಡಿ “ಸೇವೆ ಬಿದ್ದುಹೋಗಿದೆ, ಯಾವ ದಾರಿಯ ಲೆಕ್ಕವೂ ಸಿಗ್ತಾ ಇಲ್ಲ, ಗಾಡಿ ತಿರುಗಿಸಿ ಆಫೀಸಿಗೆ ಬಾ” ಎಂದಾಗ ನೀನಿದ್ದ ಜಾಗ. “ಸರಿ, ಅಮ್ಮನಿಗೆ ಹೇಗೂ ಗೆರೆ ಕಾಣುತ್ತೆ, ಒಳಗೇ ಇರ್ತಾಳೆ ಬಿಡು,” ಅಂದು ನೀನು ಗಾಡಿ ತಿರುಗಿಸಿದ್ದೆ.

ನಿನ್ನೆ ಅಲ್ಲಿಗೆ ಹೋಗಿ ನೋಡಬಹುದಿತ್ತು. ಗೇಟು ಬಿಟ್ಟು ಹೋಗಲಿಲ್ಲ. ಅತ್ತ ಹೋದಾಗ ಇತ್ತ ನೀನು ಬಂದುಬಿಟ್ಟರೆ? ಪಕ್ಕದ ಮನೆಯ ಟೈಲರಮ್ಮ ಮೆಷಿನ್ ನಿಲ್ಲಿಸಿ ಕಾಂಪೌಂಡಿನ ಹತ್ತಿರ ಬಂದರು. “ಎಷ್ಟು ಹೊತ್ತಿಂದ ನಿಂತಿದ್ದೀರಿ, ಚಳಿ ಬೇರೆ. ಒಳಗೆ ಕೂತ್ಕೊಳ್ಳಬಾರದಾ?”

“ಇನ್ನೇನು ಬಂದೇಬಿಟ್ಟಳು. ಎಂಟೇ ನಿಮಿಷ,” ಅಂದೆ.

ಆಕೆ ನನ್ನ ಮುಖವನ್ನೇ ನೋಡಿದರು. ಒಳಗೆ ಹೋಗಿ ಕಿಟಕಿ ಹಾಕಿಕೊಂಡರು.

ಆರು ಗಂಟೆ ದಾಟಿದ ಮೇಲೆ ಪರದೆಯ ಮೇಲೆ ಗೆರೆ ಬಂತು. ದೀಪ ಆರಿಸಿ, ಬೀಗ ಹಾಕಿ ಬಂದೆ.

ಅದು ನೀನೇ ಆಗಿದ್ದರೆ, ಅಲ್ಲಿಯವರೆಗೆ ಬಂದು ನಿಲ್ಲಬೇಡ ಕಣೇ. ಉಳಿದ ಎಂಟು ನಿಮಿಷವನ್ನೂ ಬಾ. ಹಳೆಯ ವರ್ಷನ್ ಮುಚ್ಚುವ ಕಾಗದಕ್ಕೆ ನಾನು ಇನ್ನೂ ರುಜು ಹಾಕಿಲ್ಲ. “ಒಬ್ಬರಿಗೋಸ್ಕರ ಎಷ್ಟು ದಿನ ಇಟ್ಕೊಂಡಿರ್ತೀರಿ?” ಎಂದು ಗಡ್ಡ ಗೊಣಗುತ್ತಿದ್ದಾನೆ. ಗೊಣಗಲಿ.

ಎಲ್ಲಿದ್ದರೂ ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು, ಕಂಪ್ಯೂಟರಿನ ಮುಂದೆ ತಟ್ಟೆ ಇಟ್ಟುಕೊಳ್ಳಬೇಡ. ನಿನ್ನ ಕಣ್ಣು, ನಿನ್ನ ಬೆನ್ನು, ನಿನ್ನ ನಿದ್ದೆ ಎಲ್ಲವೂ ತಣ್ಣಗಿರಲಿ ಎಂದು ಅಮ್ಮನ ಪಾಲಿನದನ್ನೂ ಸೇರಿಸಿ ಹರಸುತ್ತೇನೆ.

ನಿನ್ನ
ಅಕ್ಕ

ಮರೆತು ಬಿಟ್ಟಿದ್ದಲ್ಲ, ಬೇಕೆಂದೇ ಕೊನೆಗೆ ಇಟ್ಟುಕೊಂಡದ್ದು: ಆಸ್ಪತ್ರೆಯ ಮೊಗಸಾಲೆಯಲ್ಲಿ ನೀನು ಕೇಳಿದೆಯಲ್ಲ, “ಗೆರೆ ನೋಡಿಯೂ ಅಮ್ಮ ಯಾಕೆ ಹೊರಗೆ ಹೋಗಿ ನಿಂತಳು ಅಕ್ಕಾ? ನನ್ನ ಪರದೆಯನ್ನ ಅವಳು ನಂಬಲೇ ಇಲ್ವಾ?” ಎಂದು. ನಾನು ನೆಲ ನೋಡುತ್ತಾ ನಿಂತೆ. ಅದೇ ಪ್ರಶ್ನೆ ಹೊತ್ತುಕೊಂಡು ನೀನು ಕೆಲಸ ಬಿಟ್ಟು ಹೋದೆ.

ಅಮ್ಮ ಗೆರೆ ನೋಡಲಿಲ್ಲ, ಗುಬ್ಬಿ. ಅದರ ಹಿಂದಿನ ವಾರ ನೀನು ರಜೆಯಲ್ಲಿದ್ದಾಗ ಗಿರಾಕಿಗಳ ಗೊಣಗಾಟ ತಾಳಲಾರದೆ ನಾನು ಕನ್ನಡಕಳ ಕೈಯಲ್ಲಿ ಒಂದು ಬದಲಾವಣೆ ಮಾಡಿಸಿದ್ದೆ. ಉತ್ತರ ಗೊತ್ತಿಲ್ಲದಾಗ ಗೊತ್ತಿಲ್ಲ ಎನ್ನುವ ಬದಲು, ಕೊನೆಯದಾಗಿ ಹೇಳಿದ ಉತ್ತರವನ್ನೇ ಹೇಳುತ್ತಿರಲಿ ಎಂದು. ಏನೂ ಹೇಳದಿರುವುದಕ್ಕಿಂತ ಅದು ಮೃದು ಎನಿಸಿತ್ತು. ನಿನಗೆ ಹೇಳಿದರೆ ಜಗಳವಾಗುತ್ತದೆಂದು ಹೇಳಿರಲಿಲ್ಲ. ಆ ದಿನದ ಲಾಗ್ ಅಳಿಸಿಹೋಗಿದೆ ಎಂದೆನಲ್ಲ, ಅದೂ ಸುಳ್ಳು. ನನ್ನ ಬಳಿ ಇದೆ. ನೀನು ಗಾಡಿ ತಿರುಗಿಸಿದ ಮೇಲೂ ನಿನ್ನ ಫೋನು ಕೇಳುತ್ತಲೇ ಇತ್ತು, ನಾವು ಎಂಟು ನಿಮಿಷ ಎನ್ನುತ್ತಲೇ ಇದ್ದೆವು. ನಾಲ್ಕು ಐವತ್ತರಿಂದ ಆರು ಹತ್ತರವರೆಗೆ, ನಲವತ್ತೊಂದು ಸಲ. ಒಳಗೆ ಕೂತುಕೊಳ್ಳಿ ಎಂದು ಟೈಲರಮ್ಮ ಸನ್ನೆ ಮಾಡಿದರೆ ಅಮ್ಮ, “ಇನ್ನೇನು ಬಂದೇಬಿಟ್ಟಳು, ಎಂಟೇ ನಿಮಿಷ,” ಅಂದಳಂತೆ. ಆಮೇಲೆ ಬಿದ್ದಳು. ಅಮ್ಮ ನಿನ್ನ ಪರದೆಯನ್ನು ಪೂರ್ತಿ ನಂಬಿದ್ದಳು.

ಆ ನಲವತ್ತೊಂದು ಎಂಬ ಲೆಕ್ಕವನ್ನು ನಾನು ಯಾರಿಗೂ ತೋರಿಸಿಲ್ಲ. ನಿನಗೆ ಅದು ಗೊತ್ತಾಗುವ ದಾರಿಯೇ ಇಲ್ಲ. ಹಾಗಾದರೆ ರೈಲ್ವೆ ಗೇಟಿನ ಹತ್ತಿರ ನಿಂತು ಅಷ್ಟು ಸಲ ಕೇಳಿದವರು ಯಾರು ಎಂದು ಈ ಕಾಗದ ಬರೆಯುತ್ತಿರುವಾಗಲೂ ಯೋಚಿಸುತ್ತಿದ್ದೇನೆ. ನನ್ನ ಹಳೆಯ ಬದಲಾವಣೆಯನ್ನು ಅಮ್ಮ ತೀರಿಕೊಂಡ ವಾರವೇ ತೆಗೆಸಿದ್ದೆ. ಈಗ ನಮ್ಮ ಸೇವೆ ಎಂಟು ಎಂದರೆ ಎಂಟೇ.

ಬರುವ ಗುರುವಾರ ನಾನು ಗೇಟಿನಲ್ಲಿರುತ್ತೇನೆ. ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ಮನಸ್ಸಾಗದಿದ್ದರೆ ಒಂದು ಕಾರ್ಡಿನ ಮೇಲೆ ಗೆರೆ ಎಳೆದು ಕಳಿಸು, ಸಾಕು. ಒಳಗೆ ಹೋಗಿ ಕೂರುತ್ತೇನೆ.