ಬಿಸಿಲು ಬಾರದ ಕಣಿವೆಯ ರಿಪೋರ್ಟು

ಟಾರ್ನೀಟ್, ಮೆಲ್ಬರ್ನ್
೮ ಜೂನ್ ೨೦೨೫, ಭಾನುವಾರ

ಪ್ರೀತಿಯ ಮಹಾಶ್ವೇತಾ,

ನಾನು ಇಲ್ಲಿ ಕ್ಷೇಮ. ನೀನು ಸಿಡ್ನಿಯಲ್ಲಿ ಕ್ಷೇಮವೆಂಬುದು ನಿನ್ನ ತಂಗಿ ವಿಜಯಾ ವಾಟ್ಸಾಪಿಗೆ ಹಾಕುವ ಫೋಟೋಗಳಿಂದ ತಿಳಿಯುತ್ತದೆ. ಗಂಡನಾದವನಿಗೆ ಅಷ್ಟಾದರೂ ಸುದ್ದಿ ಸಿಗುತ್ತದಲ್ಲ, ಸಾಕು. ಫೋನ್ ಬಿಟ್ಟು ಕಾಗದ ಯಾಕೆಂದರೆ, ಫೋನಿನಲ್ಲಿ ನನಗೆ ಸೈಟು ಮಾರುವ ದನಿ ಬರುತ್ತದೆ ಎಂದು ನೀನೇ ಹೇಳಿದ್ದೆ. ಕಾಗದಕ್ಕೆ ದನಿಯಿಲ್ಲ. ನಡುವೆ ನೀನು ಬಾಯಿ ಹಾಕಲೂ ಬರುವುದಿಲ್ಲ.

ಮೊದಲು ಆ ರಿಪೋರ್ಟಿನ ವಿಷಯ. ಹೋದ ತಿಂಗಳು ನೀನು ನಾರ್ವೆ ದೇಶದ ಯಾವುದೋ ಗುಡ್ಡಗಾಡಿನ ಪುರಸಭೆಯ ಲಿಂಕ್ ಕಳಿಸಿದೆ. ಹೆಸರು ಸ್ಕುಗ್ಗೆದಾಲ್. ನೆಲ ನಮ್ಮ ಒಂದು ತಾಲ್ಲೂಕಿನಷ್ಟು, ಜನ ಒಂದು ಓಣಿಯಷ್ಟು. ಕೆಳಗೆ ಒಂದೇ ಸಾಲು ಬರೆದಿದ್ದೆ: "ನೋಡ್ರಿ, ಹೆಂಗದ ಜಾಗಾ?"

ನೀನೇ ಹೇಳು, ವರ್ಷಗಟ್ಟಲೆ ಟಾರ್ನೀಟಿನಲ್ಲಿ ಸೈಟು ಮಾರಿದವನಿಗೆ "ಹೆಂಗದ ಜಾಗಾ" ಎಂದು ಕೇಳಿದವರೆಲ್ಲ ಕೊಳ್ಳಲು ಬಂದವರೇ. ಹೆಂಡತಿಗೆ ನಾರ್ವೆಯಲ್ಲಿ ಮನೆ ಕೊಳ್ಳುವ ಹುಚ್ಚು ಹಿಡಿದಿದೆ ಎಂದುಕೊಂಡೆ. ನಿನ್ನ ಗಳಿಕೆ ಕಾಪಾಡುವುದು ನನ್ನ ಕರ್ತವ್ಯವೆಂದು ಒಂದು ಭಾನುವಾರ ಪೂರ್ತಿ ಕೂತು, ಗಿರಾಕಿಗೆ ಕೊಡುವಂತೆಯೇ ರಿಪೋರ್ಟು ಮಾಡಿ ಕಳಿಸಿದೆ. ಕಡಿದಾದ ಕಣಿವೆ, ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಊರಿಗೆ ಬಿಸಿಲು ತಾಗುವುದಿಲ್ಲ. ನೂರೈವತ್ತು ವರ್ಷದಿಂದ ಜನ ಊರು ಬಿಡುತ್ತಲೇ ಇದ್ದಾರೆ. ತಲೆಯ ಮೇಲೆ ಹಳೇ ಅಣೆಕಟ್ಟು. ಹಳೆಯ ದಾಖಲೆಯಲ್ಲಿ ಒಬ್ಬನೇ ಮನುಷ್ಯನಿಗೆ ಎರಡು ಮೂರು ಅಡ್ಡಹೆಸರು, ಹಾಗಾಗಿ ಹಕ್ಕುಪತ್ರ ನಂಬುವಂತಿಲ್ಲ. ಮರುಮಾರಾಟದ ಆಸೆ ಬಿಡುವುದು. ಕೊನೆಗೆ ದಪ್ಪ ಅಕ್ಷರದಲ್ಲಿ: ಕೊಳ್ಳತಕ್ಕದ್ದಲ್ಲ.

ನಿನ್ನ ಉತ್ತರ ಅರ್ಧ ತಾಸಿನಲ್ಲಿ ಬಂತು. "ನಾ ಅಲ್ಲಿ ಮನಿ ತಗೊಳ್ಳಾಕ ಕೇಳಿಲ್ಲರೀ, ಇರಾಕ ಕೇಳೀನಿ. ಹಳೇ ಡ್ಯಾಮ್ ರಿಪೇರಿ ಕೆಲಸಾ, ಐದು ವರ್ಷ. ವೀಸಾ ಅರ್ಜಿಯೊಳಗ ಗಂಡನ ಹೆಸರು ಹಾಕ್ಲೋ, ಬಿಡ್ಲೋ? ಜೂನ್ ಇಪ್ಪತ್ತಕ್ಕ ಸಹಿ ಮಾಡಾಕಿ ನಾ."

ಆಮೇಲೆ ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅರ್ಜಿಯಲ್ಲಿ ಗಂಡನ ಹೆಸರಿನ ಜಾಗವನ್ನು ಈಗಾಗಲೇ ಖಾಲಿ ಬಿಟ್ಟಿದ್ದೀಯೋ ಏನೋ. ಬಿಟ್ಟಿದ್ದರೂ ಓದು, ಅಂಚೆ ವೆಚ್ಚ ಆಗಿಹೋಗಿದೆ.

ನಿಜ ಹೇಳುತ್ತೇನೆ, ಮೊದಲ ವಾರ ನನಗೆ ಸಿಟ್ಟೇ ಬಂದಿತ್ತು. ಎರಡು ವರ್ಷದ ಹಿಂದೆ ನಾರ್ತ್ ಸಿಡ್ನಿಯ ಎಂಜಿನಿಯರಿಂಗ್ ಕಂಪನಿಯಿಂದ ನಿನಗೆ ಕೆಲಸದ ಕರೆ ಬಂದಾಗ ಧಾರವಾಡದಿಂದ ನಮ್ಮಣ್ಣ ಸಿದ್ದಲಿಂಗಪ್ಪ ಫೋನ್ ಮಾಡಿ ಆಡಿದ ಮಾತು ನಿನಗೂ ಗೊತ್ತು: "ಏನಪಾ ವೀರು, ಹೆಂಡ್ತಿ ಸೂಟ್‌ಕೇಸ್ ಹೊರಾಂವ ಆದೇನು? ಇನ್ನ ಮನಿ ಅಳಿಯಾ ಅನ್ನೂದೊಂದ ಬಾಕಿ." ನೀನು ಹೋದೆ, ನಾನು ಉಳಿದೆ. ಜಗಳವೆಂದು ಯಾರೂ ಅನ್ನಲಿಲ್ಲ. "ಕೆಲಸದ ಸಲುವಾಗಿ" ಎಂದು ಇಬ್ಬರೂ ಊರೆಲ್ಲ ಹೇಳಿಕೊಂಡು ಬಂದೆವು. ಈ ಸಲ ಸಿಡ್ನಿಯಲ್ಲ, ಭೂಮಿಯ ಇನ್ನೊಂದು ತುದಿ.

ಹೋದ ಶನಿವಾರ ಮಾಡೆಲ್ ಮನೆಯಲ್ಲಿ ಗಿರಾಕಿಗಳಿಗೆ ಕಾಯುತ್ತ ಕೂತಿದ್ದೆ. ಲ್ಯಾಪ್‌ಟಾಪಿನಲ್ಲಿ ಆ ಕಣಿವೆಯ ಚಿತ್ರ ತೆರೆದೇ ಇತ್ತು. ಉಡುಪಿ ಕಡೆಯ ಗುಣವತಿ ಆಂಟಿ ಮಗನಿಗೆ ಮನೆ ನೋಡಲು ಬಂದವರು. ಕೈಯಲ್ಲಿ ಫೋನ್ ಹಿಡಿದು ದಿಕ್ಕು ನೋಡುತ್ತ ಕೋಣೆಯಿಂದ ಕೋಣೆಗೆ ತಿರುಗಿದರು. ಪೂರ್ವದ ಬಾಗಿಲಲ್ಲದೆ ಅವರಿಗೆ ಆಗದು. ಕೊನೆಗೆ ನನ್ನ ಪರದೆಗೆ ಬಗ್ಗಿದರು.

"ಇದು ಯಾವ ಸಬರ್ಬ್ ಮಾರಾಯ್ರೇ? ಒಳ್ಳೆ ಉಂಟಲ್ಲ!"

ನಾರ್ವೆ, ಚಳಿಗಾಲದಲ್ಲಿ ಬಿಸಿಲೇ ಬೀಳುವುದಿಲ್ಲ ಎಂದೆ.

"ಬಿಸಿಲೇ ಇಲ್ವಾ? ಹಾಗಾದ್ರೆ ಬಾಗಿಲು ಯಾವ ದಿಕ್ಕಿಗಿದ್ರೆ ಏನು, ತಲೆಬಿಸಿಯೇ ಇಲ್ಲ," ಎಂದು ನಕ್ಕರು. ನೀನು ಅಲ್ಲಿಗೆ ಹೋಗುತ್ತೀಯೆಂದು ಬಾಯಿ ತಪ್ಪಿ ಹೇಳಿದೆ. ಅವರ ನಗು ನಿಂತಿತು. "ಹೆಂಡ್ತಿ ಅಲ್ಲಿ, ನೀವು ಇಲ್ಲಿ ಎಂತ ಮಾಡ್ಲಿಕ್ಕೆ? ಬೇರೆಯವ್ರಿಗೆ ಮನೆ ತೋರ್ಸಿಕೊಂಡಾ?"

ನಾನು ಲ್ಯಾಪ್‌ಟಾಪ್ ಮುಚ್ಚಿ ಅವರಿಗೆ ಅಡುಗೆಮನೆ ತೋರಿಸಲು ಎದ್ದೆ. ಮನೆಗೆ ಬಂದವನು ಅದೇ ಪುಟಗಳನ್ನು ಮತ್ತೆ ಓದಿದೆ. ಈ ಸಲ ಮಾರುವವನಾಗಿ ಓದಲಿಲ್ಲ. ಅಲ್ಲಿ ಬೆಳಗ್ಗೆ ಎದ್ದು ಚಹಾಕ್ಕೆ ನೀರಿಡುವವನಾಗಿ ಓದಿದೆ. ಅಕ್ಷರಗಳು ಅವೇ. ಆದರೆ ರಿಪೋರ್ಟು ತಿರುಗುಮುರುಗಾಯಿತು.

ಬಿಸಿಲಿನ ಮಾತು ತಗೋ. ಜನವರಿ ಕೊನೆಯಲ್ಲಿ ಸೂರ್ಯ ಗುಡ್ಡದ ಅಂಚಿನಿಂದ ಮೊದಲ ಸಲ ಇಣುಕುವ ದಿನ ಊರಿಗೆ ಊರೇ ಕೆಲಸ ಬಿಟ್ಟು ಚರ್ಚಿನ ದಿಬ್ಬಕ್ಕೆ ಬರುತ್ತದಂತೆ. ಶಾಲೆಗೆ ರಜೆ. ಸಿಹಿ ಬನ್ನು ಹಂಚುತ್ತಾರೆ. ಬಿಸಿಲು ನಿಲ್ಲುವುದು ಕೆಲವೇ ನಿಮಿಷ. ನಾನು ಪೂರ್ವದ ಬಾಗಿಲಿನ ಮನೆಗಳನ್ನು ಲೆಕ್ಕವಿಲ್ಲದಷ್ಟು ಮಾರಿದ್ದೇನೆ. ಸೂರ್ಯ ಬಂದನೆಂದು ಅವರಲ್ಲಿ ಒಬ್ಬರೂ ಹೊರಗೆ ಬಂದು ನಿಂತದ್ದನ್ನು ಕಂಡಿಲ್ಲ. ಎಲ್ಲರ ಕಿಟಕಿಗೂ ಪರದೆ.

ಅಣೆಕಟ್ಟಿನ ಕಥೆಯನ್ನೂ ಓದಿದೆ. ಅದನ್ನು ಕಟ್ಟಿದಾಗ ಮೇಲಿನ ಹಳ್ಳಿ ಮುಳುಗಿತು. ನೀರು ಏರುವ ಮೊದಲು ಜನ ತಮ್ಮ ಮರದ ಚರ್ಚನ್ನು ತೊಲೆ ತೊಲೆಯಾಗಿ ಬಿಚ್ಚಿ, ಕುದುರೆ ಗಾಡಿಯಲ್ಲಿ ಸಾಗಿಸಿ, ಈಗಿನ ದಿಬ್ಬದ ಮೇಲೆ ಮತ್ತೆ ಜೋಡಿಸಿದರು. ನಾನು "ಪ್ರವಾಹದ ಅಪಾಯ" ಎಂದು ಎರಡು ಶಬ್ದದಲ್ಲಿ ಮುಗಿಸಿದ್ದೆ. ಆ ಕಟ್ಟೆಯ ಬಿರುಕು ನೋಡಲು ಇಷ್ಟು ದೂರದಿಂದ ನಿನ್ನನ್ನು ಕರೆಸುತ್ತಿದ್ದಾರೆಂದರೆ, ಕೆಳಗಿನ ಮನೆಗಳ ನಿದ್ದೆ ನಿನ್ನ ಕೈಯಲ್ಲಿದೆ. ನನ್ನ ಹೆಂಡತಿಯ ಕೆಲಸ ಏನೆಂಬುದು ನನಗೆ ಗೊತ್ತಾಗಲು ನಾರ್ವೆಯ ಪುರಸಭೆ ಬೇಕಾಯಿತು ನೋಡು.

ಇನ್ನೊಂದು ಇದೆ. ಹಿಂದೆ ಬೇಸಿಗೆಯಲ್ಲಿ ಅಲ್ಲಿಯ ಹೆಂಗಸರು ದನ, ಆಡು ಹೊಡೆದುಕೊಂಡು ಗುಡ್ಡದ ಮೇಲಿನ ಹುಲ್ಲುಗಾವಲಿಗೆ ಹೋಗಿ, ಸಣ್ಣ ಮನೆಗಳಲ್ಲಿ ಇದ್ದು ಹಾಲಿನ ಕೆಲಸ ಮಾಡುತ್ತಿದ್ದರು. ಚೀಸ್ ತೆಗೆದು ಉಳಿದ ನೀರನ್ನು ಕುದಿಸಿ ಕುದಿಸಿ ಕಂದು ಗಟ್ಟಿ ಮಾಡುತ್ತಾರೆ. ಚಿತ್ರದಲ್ಲಿ ಥೇಟ್ ನಮ್ಮ ಧಾರವಾಡ ಪೇಢೆ. ರುಚಿ ನೋಡದೆ ಸರ್ಟಿಫಿಕೇಟ್ ಕೊಡುವುದಿಲ್ಲ. ಗಂಡಸರು ಕೆಳಗೆ ಹುಲ್ಲು ಕೊಯ್ದು ಒಟ್ಟುತ್ತಿದ್ದರು. ನಮ್ಮ ಹಾಗೆಯೇ, ಕೆಲಸದ ಸಲುವಾಗಿ ಬೇರೆ ಬೇರೆ. ಆದರೆ ಹುಲ್ಲು ಮುಗಿದಾಗ ಹೆಂಗಸರು ಇಳಿದು ಬರುತ್ತಿದ್ದರು. ನೀನು ಇಳಿದು ಬರಲಿಲ್ಲ. ನಾನಂತೂ ಹತ್ತಿ ಬರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಅಡ್ಡಹೆಸರಿನ ಗೊಂದಲ. ಅದು ಗೊಂದಲವೇ ಅಲ್ಲ. ಅಲ್ಲಿ ಹೆಸರು ಮನೆತನದ್ದಾಗಿರಲಿಲ್ಲ, ಹೊಲಮನೆಯದಾಗಿತ್ತು. ಯಾವ ಹೊಲಮನೆಯಲ್ಲಿ ಇರುತ್ತೀಯೋ ಅದರ ಹೆಸರು ನಿನ್ನದು. ಹೆಂಡತಿಯ ಹೊಲಮನೆಗೆ ಬಂದ ಗಂಡು ಅದರ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ. ಆರುನೂರೈವತ್ತು ವರ್ಷದ ಹಿಂದೆ ದೊಡ್ಡ ಪಿಡುಗು ಬಂದು ಕಣಿವೆಯ ಮನೆಗಳು ಹಾಳು ಬಿದ್ದವು. ಎಷ್ಟೋ ತಲೆಮಾರಿನ ಮೇಲೆ ಯಾರೋ ಬಂದು ಮತ್ತೆ ಒಲೆ ಹಚ್ಚಿದಾಗ ಹಳೆಯ ಹೆಸರನ್ನೇ ಹೊತ್ತರು. ಚರ್ಚಿನ ಪಟ್ಟಿಯಲ್ಲಿ ಒಬ್ಬ ಉಲಾ ಇದ್ದಾನೆ: ಹುಟ್ಟಿದಲ್ಲಿ ಒಂದು ಹೆಸರು, ಕೂಲಿಗೆ ಹೋದಲ್ಲಿ ಇನ್ನೊಂದು, ಮದುವೆಯಾಗಿ ಹೆಂಡತಿಯ ಮನೆಯಲ್ಲಿ ಮೂರನೆಯದು. ಗೋರಿಯ ಮೇಲೆ ಆ ಮೂರನೆಯದೇ ಇದೆ. ಅವನಿಗೂ ಒಬ್ಬ ಅಣ್ಣ ಇದ್ದಿರಬಹುದು, ಏನೋ ಅಂದಿರಬಹುದು. ಅದನ್ನು ಯಾರೂ ಬರೆದಿಟ್ಟಿಲ್ಲ.

ಈಗ ನನ್ನ ಲೆಕ್ಕ. ನಷ್ಟದ ಕಡೆ: ಅಲ್ಲಿ ನನ್ನ ವ್ಯಾಪಾರವಿಲ್ಲ, ಭಾಷೆಯಿಲ್ಲ, ಜೋಳದ ಹಿಟ್ಟಿಲ್ಲ, ಮಾತಿಗೆ ಜನವಿಲ್ಲ. ಮಾತಿಲ್ಲದೆ ನಾನು ಎಷ್ಟು ದಿನ ಬದುಕುತ್ತೇನೆಂದು ನೋಡಲು ನೀನೇ ಕುತೂಹಲದಿಂದ ಇರುತ್ತೀಯ. ಲಾಭದ ಕಡೆ ಒಂದೇ ಸಾಲು. ಬರೆದರೆ ನೀನು ವಿಜಯಾಳಿಗೆ ಓದಿ ಹೇಳಿ ನಗುತ್ತೀಯ, ಬರೆಯುವುದಿಲ್ಲ.

ಅಲ್ಲಿ ನಾನು ಏನು ಮಾಡುತ್ತೇನೆಂದು ಕೇಳಬೇಡ, ಗೊತ್ತಿಲ್ಲ. ಮೆಲ್ಬರ್ನಿಗೆ ಬಂದ ದಿನವೂ ಗೊತ್ತಿರಲಿಲ್ಲ. ಕೇಟರಿಂಗಿನವರ ಹಂಡೆ ತೊಳೆದೆ, ಟ್ಯಾಕ್ಸಿ ಓಡಿಸಿದೆ, ಆಮೇಲೆ ಈ ಬಾಯಿಯೇ ನನ್ನ ಕೈ ಹಿಡಿದು ಸೈಟು ಮಾರಿಸಿತು. ಆಗ ಹಂಡೆ ತೊಳೆದು ಬಂದವನ ಕೈ ನೋಡಿ ನೀನು ಎಣ್ಣೆ ಹಚ್ಚುತ್ತಿದ್ದೆ. ಈಗ ಹಿಮ ಸರಿಸಿ ಬಂದರೆ ಹಚ್ಚುತ್ತೀಯೋ ಇಲ್ಲವೋ, ಅದು ನಿನಗೆ ಬಿಟ್ಟದ್ದು.

ಅರ್ಜಿಯಲ್ಲಿ ಗಂಡನ ಹೆಸರು ಹಾಕು. ಖಾಲಿ ಬಿಟ್ಟಿದ್ದರೆ ತುಂಬು. ಬೇಡವೆಂದು ಮನಸ್ಸು ಗಟ್ಟಿ ಮಾಡಿದ್ದರೆ, ಅದನ್ನು ನಿನ್ನ ಬಾಯಿಂದಲೇ ಹೇಳು, ಮೆಸೇಜ್ ಬೇಡ.

ಬರಲು ಒಪ್ಪಿದ, ಇನ್ನೂ ನಿನ್ನವನೇ ಆದ
ವೀರೇಂದ್ರ

ತಾ.ಕ.: ಎದುರಿನವರು ಸಹಿ ಹಾಕುವ ಮೊದಲು ಕೀಲಿ ಕೊಟ್ಟವನಲ್ಲ ನಾನು, ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ. ಈ ಸಲ ನಿನ್ನ ಸಹಿಗೂ ಕಾಯದೆ, ಮೊನ್ನೆ ಗುರುವಾರ ನಮ್ಮ ಮನೆಯನ್ನು ಬೆಳಗಾವಿ ಕಡೆಯ ಒಂದು ಸಂಸಾರಕ್ಕೆ ಬಾಡಿಗೆಗೆ ಕೊಟ್ಟೆ, ಐದು ವರ್ಷಕ್ಕೆ. ಜುಲೈ ಒಂದಕ್ಕೆ ಅವರು ಸಾಮಾನು ಇಳಿಸುತ್ತಾರೆ. ನೀನು ಬೇಡ ಅಂದರೂ ನಾನು ಎಲ್ಲಾದರೂ ಹೋಗಲೇಬೇಕು.