ಗುರುವಾರದ ಪೈಥಾಗೊರಸ್

5-2-1998, ಗುರುವಾರ

ಒಂಬತ್ತಕ್ಕೆ ಲೈಬ್ರರಿ ತೆಗೆದೆ. ಪೇಪರ್‌ಗಳಿಗೆ ಸೀಲ್ ಹಾಕಿ, ಬಾಗಿಲ ಬಳಿಯ ಬೋರ್ಡಿಗೆ ದಿನದ ಮಾತು. ಹಳೇ ಕ್ಯಾಲೆಂಡರಿನ ಹಿಂದೆ ಸಿಕ್ಕಿತು — 'ಎಂಟು ಅಗಲಿಕೆಯ ಸಂಖ್ಯೆ.' ಹೇಳಿದವರ ಹೆಸರಿಲ್ಲ. ಹೆಸರಿಲ್ಲದಿದ್ದರೆ ಯಾರೂ ಓದುವುದಿಲ್ಲ. ಎಂದಿನ ಸರದಿ — ಮಂಗಳವಾರ ಸಾಕ್ರೆಟಿಸ್, ಬುಧವಾರ ಪ್ಲೇಟೊ, ಗುರುವಾರ ಪೈಥಾಗೊರಸ್. ಆ ಹೆಸರನ್ನೇ ಕೆಳಗೆ ಹಾಕಿದೆ.

ಬಿಳಿಕೆರೆ ಚೆಲುವಯ್ಯ ಸಂತೆಗೆ ಬಂದವರು ಒಳಗೆ ಬಂದರು. ಬೋರ್ಡಿನ ಮಾತನ್ನು ಬೀಡಿ ಕಟ್ಟಿನ ಮೇಲೆ ಬರೆದುಕೊಂಡರು. "ತ್ರಿಕೋನದೋರು ಅಲ್ವಾ ಸಾರ್? ಎಸ್ಸೆಲ್ಸೀಲಿ ನನ್ನ ಫೇಲ್ ಮಾಡ್ಸಿದ್ದು ಇವ್ರೇ."

11-2, ಬುಧವಾರ

ಚೆಲುವಯ್ಯನವರ ಮಗಳು ಸುಧಾ ಬಂದಿದ್ದಳು. "ಸಾರ್, ಪೈಥಾಗೊರಸ್ ಎಂಟರ ಬಗ್ಗೆ ಬರ್ದಿರೋ ಪುಸ್ತಕ ಬೇಕಿತ್ತು."

ಯಾಕಮ್ಮ ಅಂದೆ.

"ನಾನು ಒಪ್ಪಿರೋ ಗಂಡು ಹುಟ್ಟಿದ್ದು ಎಂಟನೇ ತಾರೀಕು. ಅಪ್ಪ ಮದ್ವೆ ಬ್ಯಾಡ ಅಂತಾವ್ರೆ. ಪರಿಹಾರ ಏನಾದ್ರೂ ಬರ್ದವ್ರಾ, ನೋಡನ ಅಂತ."

ಹುಡುಕಿಡುತ್ತೇನೆ ಅಂದೆ. ನಿಜ ಹೇಳಲು ಬಾಯಿ ಬರಲಿಲ್ಲ.

14-2, ಶನಿವಾರ

ವಿಶ್ವಕೋಶ ತೆಗೆದೆ. ಪೈಥಾಗೊರಸ್ ಬರೆದದ್ದು ಒಂದು ಸಾಲೂ ಉಳಿದಿಲ್ಲ. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಯಾರಯಾರದೋ ಮಾತನ್ನು ಅವರ ಬಾಯಲ್ಲಿ ಆಡಿಸಿದ್ದೇನೆ...

16-2, ಸೋಮವಾರ, ರಜೆ

ಬೆಳಗಿನ ಬಸ್ಸಿಗೆ ಬಿಳಿಕೆರೆ. ಚೆಲುವಯ್ಯನವರಿಗೆ ಹೇಳಿಬಿಟ್ಟೆ — ಆ ಹೆಸರು ನಾನೇ ಸೇರಿಸಿದ್ದು.

"ನೀವಾ? ನಿಮ್ ಬೋರ್ಡ್ ನಂಬ್ಕಂಡು ಗಂಡಿನೋರ್ಗೆ ಬ್ಯಾಡ ಅಂತ ಯೋಳ್ಕಳ್ಸಿದ್ನಲ್ಲ ಸಾರ್."

ಜಗಲಿಯಲ್ಲಿ ಅವರ ತಾಯಿ ಸುಂದ್ರಮ್ಮ ಹುಣಸೆಹಣ್ಣು ಕುಟ್ಟುತ್ತಿದ್ದರು. ಕೈ ನಿಲ್ಲಿಸಿ ಮಗನಿಗೆ ಅಂದರು — "ನೀನೇ ನಂಗೆ ಎಂಟನೇ ಕೂಸು ಕಣ್ಲಾ. ಎಲ್ಲಿ ಅಗಲ್ದೆ? ಐವತ್ತಾದ್ರೂ ನನ್ ಪಕ್ಕದಲ್ಲೇ ಉಣ್ತಿದ್ದೀಯೆ. ತಾರೀಕು ನೋಡ್ಬ್ಯಾಡ, ಐಕ್ಳ ಮಕ ನೋಡು."

ಚೆಲುವಯ್ಯ ಎದ್ದು ಅಂಗಿ ತೊಟ್ಟರು. "ನಡೀರಿ ಸಾರ್, ಗಂಡಿನ ಮನೆಗೆ. ನೀವೇ ಯೋಳ್ಬೇಕು."

ಹೇಳಿದೆ. ಅಲ್ಲಿ ಮೊದಲು ಕೂರಿ ಎನ್ನಲಿಲ್ಲ. ಎಲ್ಲ ಕೇಳಿದ ಮೇಲೆ ಕಾಫಿ ಬಂತು. ಅಷ್ಟು ರುಚಿಯ ಕಾಫಿ ಕುಡಿದ ನೆನಪಿಲ್ಲ.

19-3, ಗುರುವಾರ

ಬೋರ್ಡಿಗೆ — 'ತಾರೀಕು ನೋಡಬೇಡ, ಮುಖ ನೋಡು. ಸುಂದ್ರಮ್ಮ.' ದಿನಾ ಪೇಪರಿಗೆ ಬರುವ ಮರಿಯಯ್ಯ ಕೇಳಿದರು, "ಇವ್ರು ಯಾವ ದೇಶದೋರು ಸಾರ್?" ಬಿಳಿಕೆರೆ ಅಂದೆ.

ಮಧ್ಯಾಹ್ನ ಸುಧಾ ಲಗ್ನಪತ್ರಿಕೆ ಕೊಟ್ಟು ಹೋದಳು. ಬೈಯಬಹುದಿತ್ತು. ಮೇಲಿನವರಿಗೆ ದೂರು ಬರೆಯಬಹುದಿತ್ತು. ಪುಸ್ತಕ ಕೇಳಿದಳು, ಅಷ್ಟೇ. ಅವಳು ಕೇಳದಿದ್ದರೆ ಇವತ್ತೂ ಪೈಥಾಗೊರಸ್ ಎಂದೇ ಬರೆಯುತ್ತಿದ್ದೆ.

ಪತ್ರಿಕೆಯ ಹಿಂದೆ ಪೆನ್ಸಿಲಿನಲ್ಲಿ — 'ಸಾರ್, ಆ ಪುಸ್ತಕ ಸಿಕ್ಕಿತಾ?'

ಉತ್ತರ ಬರೆಯಬೇಕು. ಸಿಕ್ಕಲಿಲ್ಲಮ್ಮ, ಆದರೆ ಪರಿಹಾರ ನಿಮ್ಮ ಜಗಲಿಯಲ್ಲೇ ಇತ್ತು.